ಪ್ಯಾಕೆಟ್ ಮೇಲೆ 'ಕರಾವಳಿ ಹವೆಗೆ ಸೂಕ್ತ' ಅಂತ ಬರೆದಿದ್ರೆ ನಂಬಬಹುದಾ?

ತೋಟದ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಟಿ ತಿಂಗಳು (ಜುಲೈ-ಆಗಸ್ಟ್) ಬಂತು ಅಂದ್ರೆ ಈ ಕಾಲಂಗೆ ಬರುವ ಪತ್ರಗಳಲ್ಲಿ ಮುಕ್ಕಾಲು ವಾಸಿ ಇದೇ ಕತೆ, ಕೊಳೆತದ್ದು, ಬೂಷ್ಟು ಹಿಡಿದದ್ದು, ಬುಡ ಕರಗಿ ಹೋದದ್ದು. ಈ ಸಲ ಅದರ ನಡುವೆ ಬೇರೆ ನಮೂನೆಯ ಒಂದು ಪತ್ರ ಉಂಟು. ಇದನ್ನು ಹಾಕುದಾ ಬೇಡ್ವಾ ಅಂತ ಸಂಪಾದಕರಿಗೆ ಸ್ವಲ್ಪ ಅನುಮಾನ ಇತ್ತು, ಹಾಕಿ ಸಾರ್ ಅಂತ ನಾನೇ ಹೇಳಿದೆ, ಯಾಕಂದ್ರೆ ಗಿಡ ಯಾವುದೇ ಇರ್ಲಿ, ಅವರು ಕೇಳಿದ ಪ್ರಶ್ನೆ ನಮ್ಮ ಊರಿನವರೆಲ್ಲ ನರ್ಸರಿಗೆ ಹೋದಾಗ ಕೇಳ್ಬೇಕಾದ್ದೇ.

ಪ್ರಶ್ನೆ: ಸರ್, ನನ್ನ ತಮ್ಮ ಕೆನಡಾದ ವ್ಯಾಂಕೂವರ್‌ನಲ್ಲಿ ಇದ್ದಾನೆ. ಅಲ್ಲಿ ಮನೆಯಲ್ಲಿ ಗಾಂಜಾ ಗಿಡ ಇಟ್ಟುಕೊಳ್ಳಲಿಕ್ಕೆ ಕಾನೂನಿನ ಅಡ್ಡಿ ಇಲ್ಲವಂತೆ. ಬ್ಲೂ ಡ್ರೀಮ್ ಅಂತ ಒಂದು ಹೈಬ್ರಿಡ್ ತಳಿ ತಂದು ಹಿತ್ತಲಲ್ಲಿ ಬೆಳೆಸಿದ್ದ, ಬೀಜದ ಪ್ಯಾಕೆಟ್‌ನಲ್ಲಿ ತೇವದ ಕರಾವಳಿ ಹವೆಗೆ ಒಳ್ಳೆದು, ಬೂಷ್ಟು ಬರುದಿಲ್ಲ ಅಂತ ಬರೆದಿತ್ತಂತೆ. ಅಕ್ಟೋಬರ್‌ನಲ್ಲಿ ನೋಡಿದ್ರೆ ಹೂವಿನ ಒಳಗೆಲ್ಲ ಬೂದಿ ಬಣ್ಣದ ಬೂಷ್ಟು, ಪೂರ್ತಿ ಬಿಸಾಡಿದ. ಈಗ ಅವನು ತಮಾಷೆಗೋ ನಿಜಕ್ಕೋ ಗೊತ್ತಿಲ್ಲ, ನಾಲ್ಕು ಬೀಜ ಕಳಿಸ್ತೇನೆ, ನಮ್ಮ ಕಾಪುವಿನ ಹವೆಯಲ್ಲಿ ಬರ್ತದಾ ನೋಡು ಅಂತಿದ್ದಾನೆ. ಬರ್ತದಾ? ಬರೀ ಬೀಜ ತರಿಸಿದ್ರೂ ಕೇಸ್ ಆಗ್ತದಾ? (ಓದುಗರೊಬ್ಬರು, ಕಾಪು)

ಉತ್ತರ: ಮೊದಲು ಕೊನೆಯ ಪ್ರಶ್ನೆ ಮುಗಿಸಿ ಬಿಡುವ ಮಾರಾಯ್ರೆ, ಇಲ್ಲದಿದ್ರೆ ನಾನು ಮುಂದೆ ಬರೆದದ್ದನ್ನೆಲ್ಲ ನೀವು ಬೇರೆ ಕಿವಿಯಲ್ಲಿ ಕೇಳ್ತೀರಿ. ತಮ್ಮನಿಗೆ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳಿ. ನಮ್ಮಲ್ಲಿ ಮಾದಕ ವಸ್ತು ತಡೆಗೆ ಅಂತ 1985ರ ಎನ್‌ಡಿಪಿಎಸ್ ಕಾಯ್ದೆ ಉಂಟಲ್ಲ, ಅದರಲ್ಲಿ ಗಾಂಜಾ ಅಂದ್ರೆ ಹೂವು ಕಾಯಿ ಬಿಟ್ಟ ತುದಿಗಳು, ಬರೀ ಬೀಜ ಮತ್ತು ಎಲೆ ಆ ವ್ಯಾಖ್ಯೆಯೊಳಗೆ ಬರುದಿಲ್ಲ, ಇದನ್ನು ಅರ್ಧಂಬರ್ಧ ಕೇಳಿಕೊಂಡವರು ಬೀಜ ಲೀಗಲ್ ಅಂತ ಹೇಳಿಕೊಂಡು ತಿರುಗ್ತಾರೆ. ಆದ್ರೆ ಆ ಬೀಜವನ್ನು ನೀವು ಕುಂಡಕ್ಕೆ ಹಾಕಿ ಗಿಡ ಬೆಳೆಸಿದ್ರೋ, ಅದು ಬೆಳೆಸಿದ ಅಪರಾಧವೇ, ಒಂದು ಗಿಡ ಆದ್ರೂ. 20ನೇ ಸೆಕ್ಷನ್‌ನಲ್ಲಿ ಬೆಳೆಸಿದ್ದಕ್ಕೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಹಾಕಬಹುದು. ಅದು ಸಾಲದು ಅಂತ ಹೊರದೇಶದಿಂದ ಯಾವ ಬಿತ್ತನೆ ಬೀಜ ತರಿಸುದಕ್ಕೂ ಸಸ್ಯ ಕ್ವಾರಂಟೈನ್ ನಿಯಮ ಉಂಟು, ಪರ್ಮಿಟ್ ಇಲ್ಲದೆ ಕವರಿನಲ್ಲಿ ಹಾಕಿ ಕಳಿಸ್ಲಿಕ್ಕೆ ಇಲ್ಲ, ಅದು ಗಾಂಜಾ ಇರ್ಲಿ ಟೊಮೆಟೊ ಇರ್ಲಿ. ಉತ್ತರಾಖಂಡದಲ್ಲಿ 2018ರಿಂದ ಲೈಸೆನ್ಸ್ ಮೇಲೆ ನಾರಿಗೆ ಅಂತ ಬೆಳೆಸ್ತಾರೆ, ಅದು ಅಮಲು ಬರಿಸುವ ಅಂಶ ಶೇಕಡ 0.3 ದಾಟಬಾರದ ತಳಿ. ನಿಮ್ಮ ತಮ್ಮನದ್ದು ಆ ಜಾತಿಯದ್ದಲ್ಲ.

ಅಲ್ಲಿಯ ಕತೆ ಬೇರೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ದೊಡ್ಡವರಿಗೆ ಗಾಂಜಾ ಕಾನೂನುಬದ್ಧ, ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಮನೆಗೆ 4 ಗಿಡ, ಅದೂ ರಸ್ತೆಯಲ್ಲಿ ಹೋಗುವವರಿಗೆ ಕಾಣಬಾರದು. ಹಾಗಾಗಿ ತಮ್ಮ ಅಲ್ಲಿ ಮಾಡಿದ್ದರಲ್ಲಿ ತಪ್ಪಿಲ್ಲ. ಆದ್ರೆ ಊರಿಗೆ ಬರುವಾಗ ಬ್ಯಾಗಿನಲ್ಲಿ ಅದರದ್ದು ಎಂತದ್ದೂ ತರಬೇಡ ಅಂತ ಬಜ್ಪೆ ಏರ್‌ಪೋರ್ಟ್ ನೆನಪು ಮಾಡಿ ಹೇಳಿ.

ಈಗ ಬೂಷ್ಟು ಯಾಕೆ ಬಂತು ಅನ್ನುದು. ಇದು ಒಳ್ಳೆ ಪ್ರಶ್ನೆ, ನಾನು ಇಡೀ ಪತ್ರ ಹಾಕಿಸಿದ್ದೇ ಇದಕ್ಕಾಗಿ. ಬ್ಲೂ ಡ್ರೀಮ್ ಅನ್ನುದು ಕ್ಯಾಲಿಫೋರ್ನಿಯಾದ ಕಡೆಯಿಂದ ಬಂದ ಹೈಬ್ರಿಡ್, ಒಂದು ಕಡೆ ಬ್ಲೂಬೆರಿ ಅನ್ನುವ ತಳಿ, ಇನ್ನೊಂದು ಕಡೆ ಹೇಜ್. ಹೇಜ್‌ನ ವಂಶ ಬಿಸಿಲ ಊರುಗಳದ್ದು, ಮೆಕ್ಸಿಕೊ, ಕೊಲಂಬಿಯಾ, ಥಾಯ್ಲೆಂಡ್, ಅದರ ಜತೆ ದಕ್ಷಿಣ ಭಾರತದ ಹೆಸರೂ ಹೇಳ್ತಾರೆ (ನೋಡಿ ಎಲ್ಲಿಂದ ಎಲ್ಲಿಗೆ!). ಬಿಸಿಲ ನಾಡಿನ ತಳಿಗಳ ಹೂಗೊಂಚಲು ಸಡಿಲ, ಗಾಳಿ ಒಳಗೆ ಹೊಕ್ಕು ಹೊರಗೆ ಬರ್ತದೆ, ಆದ್ರೆ ಅವು ಹೂ ಮಾಗಿಸ್ಲಿಕ್ಕೆ ಬಹಳ ದಿನ ತಗೊಳ್ತವೆ. ಅಫ್ಘಾನಿಸ್ತಾನ, ಹಿಂದೂಕುಶ್ ಕಡೆಯ ಒಣ ಬೆಟ್ಟದ ತಳಿಗಳು ಇದಕ್ಕೆ ಉಲ್ಟಾ, ಬೇಗ ಮಾಗ್ತವೆ, ಆದ್ರೆ ಗೊಂಚಲು ಒತ್ತೊತ್ತಾಗಿ ಗಟ್ಟಿ. ಅಲ್ಲಿ ಗಾಳಿಯಲ್ಲಿ ಪಸೆಯೇ ಇಲ್ಲ, ಗಟ್ಟಿ ಇದ್ರೆ ಅದಕ್ಕೆಂತ ನಷ್ಟ? ಅದನ್ನೇ ಸಮುದ್ರದ ಬದಿಗೆ ತಂದ್ರೆ ಗೊಂಚಲಿನ ಹೊಟ್ಟೆಯೊಳಗೆ ಹೋದ ನೀರು ಹೊರಗೆ ಬರುದಿಲ್ಲ. ಹೈಬ್ರಿಡ್ ಮಾಡುವವರ ಆಸೆ ಏನು ಅಂದ್ರೆ ಒಂದರ ಸಡಿಲ ಹೂ, ಇನ್ನೊಂದರ ಬೇಗ ಮಾಗುವ ಗುಣ ಒಂದೇ ಗಿಡಕ್ಕೆ ಬರ್ಲಿ ಅಂತ. ಬರ್ತದೆ ಕೆಲವು ಸಲ. ಕೆಲವು ಸಲ ಒತ್ತು ಹೂ ಮತ್ತು ತಡ ಎರಡೂ ಒಟ್ಟಿಗೆ ಬಂದು ಕೂತುಕೊಳ್ತದೆ.

ಇನ್ನೊಂದು ವಿಷಯ ಯಾರೂ ಹೇಳುದಿಲ್ಲ. ಬ್ಲೂ ಡ್ರೀಮ್ ಮೊದಲು ಹೆಸರು ಮಾಡಿದ್ದು ಬೀಜದಿಂದ ಅಲ್ಲ, ಒಂದು ತಾಯಿಗಿಡದ ಕಟ್ಟಿಂಗ್‌ನಿಂದ. ಈಗ ಅದೇ ಹೆಸರಲ್ಲಿ ಬೇರೆ ಬೇರೆ ಕಂಪನಿಯವರು ಬೀಜ ಮಾರ್ತಾರೆ, ಆ ಬೀಜದಿಂದ ಹುಟ್ಟಿದ ನಾಲ್ಕು ಗಿಡ ನಾಲ್ಕು ನಮೂನೆ ಆಗಬಹುದು. ಉಳ್ಳಾಲದ ಗೇರು ಕಸಿಗಿಡ ತಂದು ನೆಟ್ಟದ್ದಕ್ಕೂ, ಅದೇ ಮರದ ಬೀಜ ಹೆಕ್ಕಿ ಹುಗಿದದ್ದಕ್ಕೂ ವ್ಯತ್ಯಾಸ ಎಷ್ಟು ಅಂತ ನಮ್ಮ ಕಡೆಯ ಗುಡ್ಡೆಯವರಿಗೆ ನಾನು ಹೇಳ್ಬೇಕಾ? ಹೆಸರು ಒಂದೇ, ಗುಣ ಒಂದೇ ಅಲ್ಲ.

ಆದ್ರೆ ನನ್ನ ಪ್ರಕಾರ ನಿಮ್ಮ ತಮ್ಮನ ಗಿಡ ಕೆಟ್ಟದ್ದು ತಳಿಯಿಂದ ಮಾತ್ರ ಅಲ್ಲ, ಕ್ಯಾಲೆಂಡರಿನಿಂದ. ಈ ಗಿಡ ರಾತ್ರಿ ಉದ್ದ ಆದಾಗ ಹೂ ಬಿಡುವಂಥದ್ದು. ವ್ಯಾಂಕೂವರ್ ಇರುವುದು 49 ಡಿಗ್ರಿ ಅಕ್ಷಾಂಶದಲ್ಲಿ, ಜೂನ್‌ನಲ್ಲಿ ಅಲ್ಲಿ ಹಗಲೇ 16 ಗಂಟೆ, ಹಗಲು ಇಳಿಯುತ್ತ ಬಂದು ಆಗಸ್ಟ್‌ನಲ್ಲಿ ಹೂ ಶುರು, ತಡ ಮಾಡುವ ತಳಿ ಆದ್ರೆ ಮಾಗುದು ಅಕ್ಟೋಬರ್. ಅಲ್ಲಿ ಜುಲೈ ಆಗಸ್ಟ್ ಒಣ, ಮಳೆ ಹಿಡಿಯುದು ಸರಿಯಾಗಿ ಅದೇ ಅಕ್ಟೋಬರ್‌ಗೆ! ಹೂ ತುಂಬಿ ಭಾರ ಆಗುವ ಹೊತ್ತಿಗೆ ಥಂಡಿ, ಜಿಟಿ ಜಿಟಿ ಮಳೆ, ಬೆಳಿಗ್ಗೆ ಮಂಜು. ಬೊಟ್ರೈಟಿಸ್ ಅನ್ನುವ ಬೂದು ಬೂಷ್ಟಿಗೆ ಬೇಕಾದ್ದೇ ಅದು, ತಂಪು ಹವೆ ಮತ್ತು ಒಣಗದ ಪಸೆ. ದ್ರಾಕ್ಷಿ, ಸ್ಟ್ರಾಬೆರಿ ಕೊಳೆಸುವ ಜೀವಿಯೇ ಇದು. ಗೊಂಚಲಿನ ಒಳಗಿಂದ ಶುರು ಆಗ್ತದೆ, ಹುಳ ಕಚ್ಚಿದ ಗಾಯ ಇದ್ರೆ ಮುಗೀತು, ಹೊರಗೆ ಕಾಣುದು ಒಂದು ಸಣ್ಣ ಎಲೆ ಸುಮ್ಮನೆ ಒಣಗಿದ್ದು ಮಾತ್ರ, ಅದನ್ನು ಎಳೆದ್ರೆ ಹಗುರಕ್ಕೆ ಕೈಗೆ ಬರ್ತದೆ, ಅಷ್ಟರಲ್ಲಿ ಒಳಗೆ ಬೂದಿ. ಅಲ್ಲಿಯ ಹವೆಗೆ ತಳಿ ಆರಿಸುವವರು ಬೂಷ್ಟು ತಡೆಯುತ್ತದೆ ಅನ್ನುವ ಮಾತಿಗಿಂತ ಮಳೆಗೆ ಮೊದಲು ಮಾಗ್ತದಾ ಅನ್ನುದನ್ನು ಕೇಳಬೇಕು. ಬಿಸಾಡಿದ್ದು ಒಳ್ಳೆದೇ ಆಯ್ತು, ಬೂಷ್ಟು ಹಿಡಿದ ಹೂ ಶ್ವಾಸಕೋಶಕ್ಕೆ ಹಾಳು, ಆರೋಗ್ಯ ಸೂಕ್ಷ್ಮ ಇರುವವರಿಗೆ ಇನ್ನೂ ಅಪಾಯ.

ಕಾನೂನು ಒಂದು ಇಲ್ಲ ಅಂತಲೇ ಇಟ್ಟುಕೊಳ್ಳಿ, ಕಾಪುವಿನಲ್ಲಿ ಆ ಬೀಜಕ್ಕೆ ಗತಿ ಇಲ್ಲ. ನಾವು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ವರ್ಷದ ಅತಿ ಉದ್ದದ ಹಗಲು ಕೂಡ 13 ಗಂಟೆ ಮುಟ್ಟುದಿಲ್ಲ, 16 ಗಂಟೆ ಹಗಲಿನಲ್ಲಿ ಬೆಳೆದು ರೂಢಿ ಆದ ತಳಿಗೆ ಹುಟ್ಟಿದ ಕೂಡ್ಲೇ ಕಾಲ ಮುಗಿದ ಹಾಗೆ ಅನಿಸಿ ಗೇಣುದ್ದಕ್ಕೇ ಹೂ ಬಿಡ್ಲಿಕ್ಕೆ ಹೊರಡ್ತದೆ. ಮತ್ತೆ ಮಳೆ. ವ್ಯಾಂಕೂವರಿನವರು ನಮ್ಮದು ಮಳೆ ಊರು ಅಂತಾರೆ, ಅಲ್ಲಿ ವರ್ಷಕ್ಕೆ ಬೀಳುದು 1,200 ಮಿಲಿಮೀಟರ್‌ನ ಆಸುಪಾಸು, ನಮ್ಮ ಉಡುಪಿ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಸಾವಿರ ದಾಟಿದ್ದು ಎಷ್ಟು ಸಲ ಇಲ್ಲ! ಬೂದು ಬೂಷ್ಟಿಗೆ ಬೇಕಾದ ತಂಪು ಇಲ್ಲಿ ಇಲ್ಲ ಅನ್ನುದು ನಿಜ, ಆದ್ರೆ ಬೆಚ್ಚಗಿನ ಪಸೆಗೆ ಬರುವ ಬೇರು ಕೊಳೆಸುವಂಥದ್ದು, ಎಲೆ ಚುಕ್ಕೆ ಮಾಡುವಂಥದ್ದು ಇಲ್ಲಿ ಬೇಕಾದಷ್ಟು ಉಂಟು. ಸಾವಿರಾರು ವರ್ಷದಿಂದ ಇದೇ ಮಳೆಯಲ್ಲಿ ನೆಂದ ಅಡಿಕೆಯೇ ಕೊಳೆರೋಗಕ್ಕೆ ಉದುರಿ ಬೀಳ್ತದೆ, ಕ್ಯಾಲಿಫೋರ್ನಿಯಾದ್ದು ಎಂತ ನಿಲ್ತದೆ.

ಪ್ರಶ್ನೆ: ನಾವು ರಾಯಚೂರಿನವರು, ಕೆಲಸಕ್ಕೆ ಅಂತ ಸುರತ್ಕಲ್‌ನಲ್ಲಿ ಬಾಡಿಗೆ ಮನೆ. ಊರಿಂದ ಪುಂಡಿ ಬೀಜ ತಂದು ಬಾಲ್ಕನಿಯಲ್ಲಿ ಹಾಕೀನಿ, ಪಲ್ಯಕ್ಕ. ಪಕ್ಕದ ಮನೆಯವರು ಎಲೆ ನೋಡಿ ಇದು ಗಾಂಜಾ ಅಂತ ಓನರ್‌ಗೆ ಹೇಳ್ಯಾರ. ಓನರ್ ಕಿತ್ತು ಹಾಕ್ರಿ ಅನ್ನಾಕತ್ಯಾರ. ಏನು ಮಾಡ್ಲಿ? (ಗೃಹಿಣಿ, ಸುರತ್ಕಲ್)

ಉತ್ತರ: ಅಕ್ಕ, ಕೀಳಬೇಡಿ! ಈ ಪತ್ರ ಓದಿ ನನಗೆ ನಗು ತಡೀಲಿಕ್ಕೆ ಆಗ್ಲಿಲ್ಲ, ಆದ್ರೆ ಪಕ್ಕದ ಮನೆಯವರದ್ದೂ ಪೂರ್ತಿ ತಪ್ಪಲ್ಲ, ಪುಂಡಿ ಸೊಪ್ಪಿಗೆ ಸಸ್ಯಶಾಸ್ತ್ರದವರು ಇಟ್ಟ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್, ಎಲೆ ಗಾಂಜಾದ ಹಾಗೆ ಕಾಣ್ತದೆ ಅಂತಲೇ. ಅದು ದಾಸವಾಳದ ಕುಟುಂಬದ್ದು. ಓನರ್ ಅವರನ್ನು ಕರೆದು ತೋರಿಸಿ: ಪುಂಡಿಯದ್ದು ಒಂದೇ ಎಲೆ, ಬೆರಳಿನ ಹಾಗೆ ಸೀಳಿದ್ದು ಅಷ್ಟೇ. ಗಾಂಜಾದಲ್ಲಿ ಒಂದು ತೊಟ್ಟಿನ ತುದಿಗೆ ಬಿಡಿಬಿಡಿ ಎಲೆಗಳು ಕೂತಿರ್ತವೆ, ಅಂಚು ಗರಗಸದ ಹಾಗೆ. ಪುಂಡಿ ದಂಟು ಮುಟ್ಟಿದ್ರೆ ಸಣ್ಣ ಮುಳ್ಳು ತಾಗ್ತದೆ. ಎಲೆ ಬಾಯಿಗೆ ಹಾಕಿದ್ರೆ ಹುಳಿ. ಇಷ್ಟಕ್ಕೂ ನಂಬದಿದ್ರೆ ಹೂ ಬಿಡುವವರೆಗೆ ಕಾಯ್ಲಿಕ್ಕೆ ಹೇಳಿ, ತಿಳಿ ಹಳದಿ ಹೂ, ನಡುವೆ ಕಡು ಕೆಂಪು, ಯಾರು ನೋಡಿದ್ರೂ ದಾಸವಾಳ ಅಂತಾರೆ. ಅದಕ್ಕೂ ಮೊದಲು ಒಂದು ಡಬ್ಬಿಯಲ್ಲಿ ಪುಂಡಿ ಪಲ್ಯ, ಎರಡು ಜೋಳದ ರೊಟ್ಟಿ ಪಕ್ಕದ ಮನೆಗೆ ಕಳಿಸಿ ನೋಡಿ.

ಬೆಳೆಯ ದೃಷ್ಟಿಯಿಂದ ಹೇಳ್ಬೇಕಾದ್ರೆ ಅದಕ್ಕೆ ಸುರತ್ಕಲ್‌ನ ಮಳೆ ಜಾಸ್ತಿಯೇ, ಕುಂಡವನ್ನು ಸೂರಿನ ನೀರು ಬೀಳದ ಕಡೆ ಇಡಿ.

ಪ್ರಶ್ನೆ: ಹೆಂಪ್ ಬೀಜ, ಹೆಂಪ್ ಎಣ್ಣೆ ಅಂತ ಆನ್‌ಲೈನ್‌ನಲ್ಲಿ ಸಿಗ್ತದಲ್ಲ, ತಿಂದ್ರೆ ತೊಂದರೆ ಉಂಟಾ? ಪೊಲೀಸ್ ಹಿಡೀತಾರಾ? (ವಿದ್ಯಾರ್ಥಿ, ಮಣಿಪಾಲ)

ಉತ್ತರ: ಹಿಡಿಯುದಿಲ್ಲ. ಹೆಂಪ್ ಅಂದ್ರೆ ಮೇಲೆ ಹೇಳಿದ ಉತ್ತರಾಖಂಡದ ನಾರಿನ ಗಾಂಜಾದಂಥ, ಅಮಲು ತೀರಾ ಕಮ್ಮಿಯ ತಳಿ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು, ಅಂದ್ರೆ ಎಫ್‌ಎಸ್‌ಎಸ್‌ಎಐ, ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟು ಮೂರನ್ನೂ ಆಹಾರ ಅಂತ ಒಪ್ಪಿದ್ದಾರೆ, ಮಿತಿಗಳನ್ನು ಹಾಕಿ. ಪ್ಯಾಕೆಟ್ ಮೇಲೆ ಲೈಸೆನ್ಸ್ ನಂಬರ್ ನೋಡಿ ತಗೊಳ್ಳಿ. ತಲೆಗೆ ಏರುವಷ್ಟು ಎಂತದ್ದೂ ಅದರಲ್ಲಿ ಇಲ್ಲ, ಅದಕ್ಕೇ ಕೇಳ್ತಾ ಇದ್ರೆ ನಿರಾಸೆ ಆಗ್ತದೆ. ನಮ್ಮ ಎಳ್ಳಿಗಿಂತ ರೇಟ್ ಮಾತ್ರ ಜೋರು.

ಪ್ರಶ್ನೆ: ಅಡಿಕೆ ತೋಟದಲ್ಲಿ ಒಳ್ಳೆಮೆಣಸು ಹಬ್ಬಿಸಬೇಕು ಅಂತ ಇದ್ದೇನೆ. ನರ್ಸರಿಯವರು ಪಣಿಯೂರು-1 ಹೈಬ್ರಿಡ್ ಹಾಕಿ, ಮಳೆಗೆ ಏನೂ ಆಗುದಿಲ್ಲ ಅಂತಾರೆ. ನೆರೆಯವರು ಊರ ಬಳ್ಳಿಯೇ ಸಾಕು ಅಂತಾರೆ. ಹಿಪ್ಪಲಿ ಕಸಿ ಅಂತ ಇನ್ನೊಂದು. ತಲೆ ತಿರುಗ್ತಾ ಉಂಟು. (ಕೃಷಿಕರು, ಹೆಬ್ರಿ)

ಉತ್ತರ: ಮೇಲಿನ ಕಾಪುವಿನವರ ಪತ್ರವನ್ನು ಇನ್ನೊಮ್ಮೆ ಓದಿ, ಗಾಂಜಾ ಅಂತ ಇದ್ದಲ್ಲಿ ಮೆಣಸು ಅಂತ ಹಾಕಿ, ಅರ್ಧ ಉತ್ತರ ಅಲ್ಲೇ ಉಂಟು. ಇನ್ನರ್ಧದಲ್ಲಿ ಒಂದು ಮಜಾ ಉಂಟು, ಅಲ್ಲಿ ಹೂವಿಗೆ ಮಳೆ ಬಿದ್ರೆ ಹೋಯ್ತು, ಇಲ್ಲಿ ಹೂವಿಗೆ ಮಳೆ ಬೀಳದಿದ್ರೆ ಹೋಯ್ತು. ಒಳ್ಳೆಮೆಣಸಿನ ಕರೆ (ಹೂಗೊನೆ) ಹೊರಡುದೇ ಜೂನ್‌ನ ಮಳೆ ಕುಡಿದ ಮೇಲೆ, ಪರಾಗ ಮೇಲಿನ ಹೂವಿಂದ ಕೆಳಗಿನದ್ದಕ್ಕೆ ಇಳಿಯುದೂ ಮಳೆ ಹನಿಯ ಜತೆಗೆ. ಜುಲೈಯಲ್ಲಿ ನಡುವೆ ಮಳೆ ಬಿಟ್ಟು ಬಿಸಿಲು ಕಾಯ್ದು ಬಿಟ್ರೆ ಕರೆ ಉದುರ್ತದೆ. ಹಾಗಾಗಿ ಮಳೆ ಈ ಬಳ್ಳಿಯ ಶತ್ರು ಅಲ್ಲ. ಶತ್ರು ಇರುವುದು ಬುಡದಲ್ಲಿ, ನಿಂತ ನೀರಿನಲ್ಲಿ.

ಪಣಿಯೂರು-1 ಒಳ್ಳೆ ಬಳ್ಳಿಯೇ. ಕೇರಳದ ಕಣ್ಣೂರು ಜಿಲ್ಲೆಯ ಪಣಿಯೂರು ಸಂಶೋಧನಾ ಕೇಂದ್ರದಲ್ಲಿ ಉದಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಅನ್ನುವ ಎರಡು ಊರ ತಳಿ ಸೇರಿಸಿ ಮಾಡಿದ್ದು, ಒಳ್ಳೆಮೆಣಸಿನಲ್ಲಿ ಮೊದಲನೆ ಹೈಬ್ರಿಡ್. ಕರೆ ಉದ್ದ, ಕಾಳು ದಪ್ಪ, ಕೊಯ್ಲಿಕ್ಕೆ ಸುಲಭ. ಆದ್ರೆ ಅದಕ್ಕೆ ಬಯಲಿನ ಬೆಳಕು ಬೇಕು, ದಟ್ಟ ನೆರಳಲ್ಲಿ ಬಳ್ಳಿ ಮಾತ್ರ ಹಸಿರಾಗಿ ಏರ್ತದೆ, ಕರೆ ಕಾಣುದಿಲ್ಲ. ನಿಮ್ಮದು ಹೆಬ್ರಿ, ಘಟ್ಟದ ಬುಡ, ಆಗುಂಬೆಯ ಮಳೆ ಮೋಡ ನಿಮ್ಮ ತಲೆ ಮೇಲೆಯೇ ಹೋಗುದು, ತೋಟದಲ್ಲಿ ಅಡಿಕೆ ಒತ್ತಾಗಿ ಇದ್ರೆ ಅಲ್ಲಿ ಬೆಳಕು ಎಷ್ಟು ಅಂತ ನೀವೇ ನೋಡಿ. ಬದಿಯ ಸಾಲಿಗೆ, ಬೇಲಿಯ ಮರಗಳಿಗೆ ಪಣಿಯೂರು ಹಾಕಿ, ಒಳಗಿನ ಸಾಲಿಗೆ ಕರಿಮುಂಡ ತಳಿ ಅಥವಾ ನೆರೆಯವರ ಊರ ಬಳ್ಳಿ, ಹೀಗೆ ನಾನಾದ್ರೆ ಮಾಡುದು. ಮತ್ತೆ 'ಮಳೆಗೆ ಏನೂ ಆಗುದಿಲ್ಲ' ಅಂದ್ರಲ್ಲ ನರ್ಸರಿಯವರು, ಅದು ಸುಳ್ಳು. ಫೈಟೋಫ್ತೊರಾ ಅನ್ನುವ ಬೂಷ್ಟಿನಂಥ ಜೀವಿಯಿಂದ ಬರುವ ಶೀಘ್ರ ಸೊರಗು ರೋಗ ಪಣಿಯೂರಿಗೂ ಬರ್ತದೆ, ಚೆನ್ನಾಗಿಯೇ ಬರ್ತದೆ. ಕೋಝಿಕ್ಕೋಡ್‌ನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರ ತೇವಂ, ಶಕ್ತಿ ಅಂತ ಎರಡು ತಳಿ ಉಂಟು, ಆ ರೋಗವನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ತವೆ. ಸ್ವಲ್ಪ ಮಟ್ಟಿಗೆ ಅಂತ ಮತ್ತೆ ಹೇಳ್ತೇನೆ.

ಹಿಪ್ಪಲಿ ಕಸಿ ಅಂದ್ರೆ ಬ್ರೆಜಿಲ್ ಕಡೆಯ ಪೈಪರ್ ಕೊಲುಬ್ರಿನಂ ಅನ್ನುವ, ಮೆಣಸಿನ ಜಾತಿಯದ್ದೇ ಗಿಡದ ಬೇರಿನ ಮೇಲೆ ನಮ್ಮ ಮೆಣಸಿನ ತಲೆ ಕೂರಿಸಿದ್ದು. ಆ ಬೇರು ನೀರು ನಿಂತ ಜಾಗಕ್ಕೂ ಒಗ್ಗಿಕೊಳ್ತದೆ, ಬುಡ ಕೊಳೆಯುದಿಲ್ಲ, ತಗ್ಗಿನ ಬಯಲು ತೋಟಕ್ಕೆ ಒಳ್ಳೆದು. ಆದ್ರೆ ಬೇಸಗೆಯಲ್ಲಿ ನೀರು ತಪ್ಪಿದ್ರೆ ಬಾಡಿ ಬೀಳ್ತದೆ, ಏಪ್ರಿಲ್‌ನಲ್ಲಿ ನಿಮ್ಮ ಕೆರೆ ಒಣಗ್ತದೆ ಅಂತಾದ್ರೆ ಅದರ ತಂಟೆಗೆ ಹೋಗ್ಬೇಡಿ. ಇನ್ನೊಂದು, ಕಸಿ ಕಟ್ಟಿದ ಗಂಟು ಮಣ್ಣಿಂದ ಮೇಲೆ ಇರಬೇಕು, ಮೇಲಿನ ಮೆಣಸಿನ ಹಬ್ಬು ಬಳ್ಳಿ ನೆಲಕ್ಕೆ ಇಳಿದು ಬೇರು ಬಿಡ್ಲಿಕ್ಕೆ ಬಿಡಬಾರದು. ಬಿಟ್ರೆ ರೋಗಕ್ಕೆ ಹಿಂಬಾಗಿಲು ತೆರೆದುಕೊಟ್ಟ ಹಾಗೆ, ಅಷ್ಟು ಹಣ ಕೊಟ್ಟು ಕಸಿ ತಂದದ್ದು ಯಾಕೆ ಮತ್ತೆ.

ಯಾವ ಬಳ್ಳಿ ಹಾಕಿದ್ರೂ ಮೇ ಕೊನೆಗೆ ಕಣಿ (ನೀರು ಹರಿಯುವ ಚರಂಡಿ) ಬಿಡಿಸಿ, ಬುಡದಲ್ಲಿ ನೀರು ನಿಲ್ಲಬಾರದು. ಮಳೆ ಹಿಡಿಯುವಾಗ ಒಮ್ಮೆ, ಆಗಸ್ಟ್‌ನಲ್ಲಿ ಮಳೆ ಬಿಟ್ಟು ಹೊಳವು ಸಿಕ್ಕಾಗ ಇನ್ನೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣ ಹೊಡೀರಿ, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಅಡಿಕೆಗೆ ಮದ್ದು ಬಿಡುವವರು ಬಂದಾಗಲೇ ಇದನ್ನೂ ಮಾಡಿಸಿದ್ರೆ ಆಳಿನ ಖರ್ಚು ಒಂದೇ. ಮೈಲುತುತ್ತನ್ನು ಬೇರೆ, ಸುಣ್ಣವನ್ನು ಬೇರೆ ಕರಗಿಸಿ ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ಕಬ್ಬಿಣದ ಕತ್ತಿ ಅದ್ದಿ ನೋಡಿ ಕೆಂಪು ಬಣ್ಣ ಹಿಡಿದ್ರೆ ಸುಣ್ಣ ಸಾಲದು ಅಂತ ಅರ್ಥ. ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆ ಬೂಷ್ಟು) ಹಾಕುವ ಅಂದಾಜು ಇದ್ರೆ ಗೊಬ್ಬರದ ಜತೆ ಹಾಕಿ, ಆದ್ರೆ ತಾಮ್ರದ ಮದ್ದು, ಅಂದ್ರೆ ಬೋರ್ಡೋ, ಹೊಡೆದು ಎರಡು ಮೂರು ವಾರ ಆದ ಮೇಲೆ. ಎರಡನ್ನೂ ಒಟ್ಟಿಗೆ ಹಾಕಿಬಿಟ್ಟು, ಟ್ರೈಕೋಡರ್ಮಾ ಕೆಲಸ ಮಾಡುದಿಲ್ಲ ಅಂತ ನನಗೆ ಪತ್ರ ಬರೆಯುವವರು ಪ್ರತಿ ವರ್ಷ ಇದ್ದಾರೆ.

ಪ್ರಶ್ನೆ: ಟೆರೇಸಿನಲ್ಲಿ ಶಂಕರಪುರ ಮಲ್ಲಿಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಹೂ ಇಲ್ಲ, ಎಲೆ ಹಳದಿ. ಈಗ ಒಬ್ಬರು ಹೈಬ್ರಿಡ್ ಮಲ್ಲಿಗೆ ಬೀಜ, ವರ್ಷ ಇಡೀ ಹೂ ಅಂತ ಮಾರ್ಲಿಕ್ಕೆ ಬಂದಿದ್ದಾರೆ. (ಓದುಗರು, ಕದ್ರಿ, ಮಂಗಳೂರು)

ಉತ್ತರ: ಬೀಜ ಅಂದ ಕೂಡ್ಲೇ ಗೇಟ್ ಹಾಕಿ ಬಿಡಿ ಅಮ್ಮ. ಈ ಮಲ್ಲಿಗೆಯನ್ನು ಬೀಜದಿಂದ ಯಾರೂ ಮಾಡುದಿಲ್ಲ, ಗೆಲ್ಲು ಊರಿ ಮಾಡುದು, ಶಂಕರಪುರದವರೂ ಹಾಗೇ. ಮಳೆಗಾಲದಲ್ಲಿ ಹೂ ಕಮ್ಮಿ ಆಗುದು ನಿಮ್ಮ ಗಿಡದ ದೋಷ ಅಲ್ಲ, ಅದಕ್ಕೇ ಆಗ ಅಟ್ಟೆಯ (ಮಲ್ಲಿಗೆ ಮಾರುವ ಅಳತೆ) ರೇಟ್ ಗಗನಕ್ಕೆ ಹೋಗುದು. ಎಲೆ ಹಳದಿ ಆಗ್ಲಿಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಕುಂಡದ ಅಡಿಯ ತಟ್ಟೆ. ಮೊದಲು ತಟ್ಟೆ ತೆಗೀರಿ, ಕುಂಡವನ್ನು ಎರಡು ಇಟ್ಟಿಗೆ ಮೇಲೆ ಏರಿಸಿ, ತೂತು ಕಟ್ಟಿದ್ರೆ ಕಡ್ಡಿ ಹಾಕಿ ಬಿಡಿಸಿ, ಗಿಡಗಳ ನಡುವೆ ಗಾಳಿ ಹೋಗುವಷ್ಟು ಜಾಗ ಬಿಡಿ. ಮಳೆ ಬಿಡುವವರೆಗೆ ಗೊಬ್ಬರ ಹಾಕ್ಬೇಡಿ, ತೊಳೆದು ಹೋಗ್ತದೆ. ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಕಳೆದು ಬಿಸಿಲು ಹಿಡಿದ ಮೇಲೂ ಹಳದಿಯೇ ಇದ್ರೆ ಎಲೆಯ ಎರಡೂ ಬದಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ, ನೋಡುವ.